ಆಸ್ಪತ್ರೆಗಳಲ್ಲಿ ರೋಗಿಯ ಸುರಕ್ಷತೆ: ಅಳೆಯುವುದು ಹೇಗೆ?

ಸಂಡೂರು, ಕಂಪ್ಲಿ ಕಡೆಯ ಬಡ ಕುಟುಂಬಗಳು ಕಷ್ಟದ ಹೆರಿಗೆಯೆಂದರೆ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಗಳನ್ನೇ ನಂಬಿಕೊಂಡಿವೆ. ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 2024ರ ನವೆಂಬರ್ 9ರಿಂದ 11ರವರೆಗೆ 34 ಸಿಸೇರಿಯನ್ ಹೆರಿಗೆಗಳು ನಡೆದವು. 7 ಬಾಣಂತಿಯರಿಗೆ ಮೂತ್ರಪಿಂಡ ಮತ್ತಿತರ ಅಂಗಗಳ ವೈಫಲ್ಯ ಉಂಟಾಯಿತು. ಡಿಸೆಂಬರ್ ಮೊದಲ ವಾರದೊಳಗೆ ಐವರು ತೀರಿಕೊಂಡರು. ಸಂಶಯ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣದ ಮೇಲೆ. ಅದೇ ಕಂಪನಿಯ ಕೆಲವು ಬ್ಯಾಚುಗಳು ಮೊದಲೇ ರಾಜ್ಯದ ಪರೀಕ್ಷೆಯಲ್ಲಿ ಅನುತ್ತೀರ್ಣವಾಗಿದ್ದವು. ಕೇಂದ್ರದ ಪ್ರಯೋಗಾಲಯ ಬೇರೆ ವರದಿ ನೀಡಿತ್ತು. ಘಟನೆಯ ನಂತರ ರಾಜ್ಯದ ಔಷಧ ನಿಯಂತ್ರಕರನ್ನು ಅಮಾನತುಗೊಳಿಸಲಾಯಿತು.

ಒಬ್ಬ ತಾಯಿ ತೀರಿಕೊಂಡರೆ ದೇವರ ಚಿತ್ತವೆಂದು ಕಣ್ಣೀರು ಒರೆಸಿಕೊಳ್ಳುತ್ತೇವೆ. ಆದರೆ 34ರಲ್ಲಿ 7 ಎಂಬ ಲೆಕ್ಕ ಬೇರೆಯೇ ಮಾತು ಹೇಳುತ್ತದೆ. ಸುರಕ್ಷತೆಯನ್ನು ಅಳೆಯುವುದೆಂದರೆ ಮೂಲತಃ ಇದೇ: ನೂರು ಶಸ್ತ್ರಚಿಕಿತ್ಸೆಗಳಲ್ಲಿ ಎಷ್ಟು ಗಾಯಗಳಿಗೆ ಸೋಂಕು, ಎಷ್ಟು ಸಲ ತಪ್ಪು ಔಷಧ, ಎಷ್ಟು ಮಂದಿಗೆ ಹಾಸಿಗೆ ಹುಣ್ಣು ಎಂದು ತಿಂಗಳು ತಿಂಗಳೂ ಬರೆದಿಟ್ಟು, ಅಂಕಿ ಏರಿದ ದಿನವೇ ಕಾರಣ ಹುಡುಕುವುದು.

ಸರ್ಕಾರಿ ಆಸ್ಪತ್ರೆಗಳಿಗೆ 2013ರಿಂದ ರಾಷ್ಟ್ರೀಯ ಗುಣಮಟ್ಟ ಭರವಸೆ ಮಾನದಂಡಗಳಿವೆ. ಹೆರಿಗೆ ಕೋಣೆಗಳಿಗಾಗಿ 2017ರಲ್ಲಿ 'ಲಕ್ಷ್ಯ' ಯೋಜನೆ ಬಂತು. ಪ್ರಮಾಣಪತ್ರಕ್ಕೆ ಒಟ್ಟಾರೆ ಕನಿಷ್ಠ ಶೇಕಡಾ 70 ಅಂಕ ಬೇಕು. (ಉಳಿದ 30ರಲ್ಲಿ ಏನು ಬಿಟ್ಟುಹೋಗಿದೆ ಎಂದು ಕೇಳುವವರು ಕಡಿಮೆ.) ಖಾಸಗಿ ಆಸ್ಪತ್ರೆಗಳು ಹೆಚ್ಚಾಗಿ 2005ರಲ್ಲಿ ಸ್ಥಾಪನೆಯಾದ ಎನ್‌ಎಬಿಎಚ್‌ನ ಮಾನ್ಯತೆ ಪಡೆಯುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಪಟ್ಟಿಯಲ್ಲಿ 19 ಅಂಶಗಳಿವೆ. ಅರಿವಳಿಕೆಗೆ ಮುನ್ನ, ಕೊಯ್ಯುವ ಮುನ್ನ, ರೋಗಿ ಕೋಣೆ ಬಿಡುವ ಮುನ್ನ ತಂಡವೆಲ್ಲ ನಿಂತು ಅವನ್ನು ಗಟ್ಟಿಯಾಗಿ ಓದಬೇಕು.

ಬಳ್ಳಾರಿಯ ದುರಂತದ ಬಳಿಕ ರಾಜ್ಯ ಸರ್ಕಾರ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಮರಣಗಳನ್ನು ಪರಿಶೀಲಿಸಿತು. ಶೇಕಡಾ 70ಕ್ಕೂ ಹೆಚ್ಚು ಮರಣಗಳನ್ನು ತಪ್ಪಿಸಬಹುದಿತ್ತೆಂದು ಕಂಡುಬಂತು.

ಧರ್ಮಸಭೆಯ ಆಸ್ಪತ್ರೆಗಳಿಗೂ ಈ ಮಾತು ಸಲ್ಲುತ್ತದೆ. ಸೇವಾಮನೋಭಾವ ಇದ್ದಲ್ಲಿ ಲೆಕ್ಕವೇಕೆ ಎಂಬ ಭಾವನೆ ನಮ್ಮವರಲ್ಲಿಯೂ ಇದೆ. ನಾವು ಇದನ್ನು ಒಪ್ಪುವುದಿಲ್ಲ. ತಪ್ಪನ್ನು ವರದಿ ಮಾಡಿದ ದಾದಿಗೆ ಬೈಗುಳ ಸಿಕ್ಕರೆ ಮುಂದಿನ ತಪ್ಪು ಪುಸ್ತಕಕ್ಕೆ ಬರುವುದೇ ಇಲ್ಲ.

ರೋಗಿಗಳನ್ನು ಸಂದರ್ಶಿಸುವ ಧರ್ಮಭಗಿನಿಯರೂ ಸ್ವಯಂಸೇವಕರೂ ಒಂದು ವಿಷಯ ಗಮನಿಸಬಹುದು: ಕೊಟ್ಟ ಡ್ರಿಪ್‌ನ ಬ್ಯಾಚ್ ಸಂಖ್ಯೆ ಕೇಸ್‌ಶೀಟಿನಲ್ಲಿ ಬರೆದಿದೆಯೇ? ಔಷಧದಿಂದ ಅಡ್ಡಪರಿಣಾಮವಾದ ಶಂಕೆಯಿದ್ದರೆ ರೋಗಿಯ ಮನೆಯವರೂ ರಾಷ್ಟ್ರೀಯ ಔಷಧ ಜಾಗ್ರತಾ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು.