ಮೊಟ್ಟೆಗೆ ಗಂಟುಬಿದ್ದ ಬಿಸ್ಕತ್ತು

ಅಟ್ಲಾಂಟಾದ ಮಗಳ ಮನೆಗೆ ಹೋಗಿಬಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ: ‘ಅಲ್ಲಿಯವರು ಬೆಳಗಿನ ತಿಂಡಿಗೆ ಬಿಸ್ಕತ್ತನ್ನು ಅಡ್ಡ ಸೀಳಿ ನಡುವೆ ಮೊಟ್ಟೆ ಇಟ್ಟು ತಿನ್ನುತ್ತಾರೆ. ಅಷ್ಟು ಮೆತ್ತಗಿರುವುದನ್ನು ಬಿಸ್ಕತ್ತು ಅನ್ನಲು ನಾಲಿಗೆ ಏಳದು. ಬನ್ನು ಅನ್ನಬಹುದೇ?’

ಬೇಡಿ ಸ್ವಾಮಿ. ಬನ್ನಿಗೆ ಈಸ್ಟ್ ಬೇಕು, ಹಿಟ್ಟು ಹುದುಗಲು ಹೊತ್ತು ಬೇಕು. ಅಮೆರಿಕದ ದಕ್ಷಿಣದವರ ಬಿಸ್ಕತ್ತಿಗೆ ಆ ತಾಳ್ಮೆಯಿಲ್ಲ. ಮೈದಾಕ್ಕೆ ಬೇಕಿಂಗ್ ಪೌಡರ್ ಬೆರೆಸಿ, ತಣ್ಣನೆಯ ಬೆಣ್ಣೆಯನ್ನು ಉದುರುದುರಾಗಿ ತಿಕ್ಕಿ, ಮಜ್ಜಿಗೆ ಸುರಿದು, ಹೆಚ್ಚು ನಾದದೆ ಗುಂಡಗೆ ಕತ್ತರಿಸಿ ಕಾದ ಓವನ್ನಿಗಿಟ್ಟರೆ ಕಾಲು ಗಂಟೆಯಲ್ಲಿ ಉಬ್ಬಿ ಪದರ ಬಿಡುತ್ತದೆ. ಅಷ್ಟರಲ್ಲಿ ಬಾಣಲೆಯಲ್ಲಿ ಮೊಟ್ಟೆ ಕದಡಿಕೊಂಡರಾಯಿತು. ಸಾಸೇಜಿನ ಕೊಬ್ಬಿಗೆ ಹಿಟ್ಟು, ಹಾಲು, ಕರಿಮೆಣಸು ಹಾಕಿ ಕುದಿಸಿದ ಬಿಳಿ ಗ್ರೇವಿಯನ್ನು ಮೇಲೆ ಸುರಿದುಕೊಳ್ಳುವವರೂ ಉಂಟು.

ಗಟ್ಟಿ ಹೆಸರು ಮೆತ್ತನೆ ತಿಂಡಿಗೆ ಅಂಟಿದ್ದು ಹೇಗೆ? ನನ್ನದೊಂದು ವಾದವಿದೆ. ಬೇಕಿಂಗ್ ಪೌಡರ್ ಬರುವ ಮುನ್ನ ಅಲ್ಲಿ ‘ಬೀಟನ್ ಬಿಸ್ಕಿಟ್’ ಇತ್ತು. ಹಿಟ್ಟಿನ ಮುದ್ದೆಯನ್ನು ಕೊಡತಿಯಿಂದಲೋ ಕೊಡಲಿಯ ಹಿಂಬದಿಯಿಂದಲೋ ಅರ್ಧ ಗಂಟೆ ಬಡಿಯಬೇಕು. ಬಡಿದು ಕೈಸೋತವರು ಎಷ್ಟೋ ಮನೆಗಳಲ್ಲಿ ಗುಲಾಮ ಹೆಂಗಸರು. ಹತ್ತೊಂಬತ್ತನೆಯ ಶತಮಾನದಲ್ಲಿ ಪುಡಿ ಬಂತು, ಬಡಿತ ತಪ್ಪಿತು, ಗಟ್ಟಿಯದು ಮೆತ್ತಗಾಯಿತು. ಹೆಸರು ಮಾತ್ರ ಕದಲಲಿಲ್ಲ. ಏಕೆಂದರೆ ಬಿಸ್ಕತ್ತು ಎಂಬ ಮಾತು ಹಿಡಿದುಕೊಂಡಿರುವುದು ಅಂಗೈ ಅಳತೆಯನ್ನು, ಗರಿಗರಿತನವನ್ನಲ್ಲ. ಸಾಕ್ಷಿಗೆ ನಮ್ಮ ಕರಾವಳಿಯೇ ಸಾಕು. ಬಿಸ್ಕುಟ್ ಅಂಬಡೆ ಎಂದರೆ ಉದ್ದಿನ ವಡೆ, ಬಿಸ್ಕುಟ್ ರೊಟ್ಟಿ ಎಂದರೆ ಖಾರದ ಹೂರಣ ತುಂಬಿದ ಪೂರಿ. ಎರಡರಲ್ಲೂ ಬಿಸ್ಕತ್ತಿನ ಚೂರಿಲ್ಲ. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬೀಳುವ ಚಿನ್ನದ ಬಿಸ್ಕತ್ತನ್ನಂತೂ ಯಾರೂ ಚಹಾಕ್ಕೆ ಅದ್ದಿಲ್ಲ. ಆದ್ದರಿಂದ ಮೊಟ್ಟೆ ಇಟ್ಟುಕೊಂಡದ್ದೂ ಬಿಸ್ಕತ್ತೇ, ಧೈರ್ಯವಾಗಿ ಅನ್ನಿ.

ಮೊಟ್ಟೆ ಎಂದಕೂಡಲೇ ನೆನಪಾಗುವುದು ಕೋಳಿಯ ಗಾದೆ: ‘ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ?’ ಈ ಗಾದೆಯನ್ನು ನಮ್ಮ ಸೋದರತ್ತೆ ಎಲ್ಲದಕ್ಕೂ ಒಗ್ಗರಿಸುತ್ತಿದ್ದರು. ಮದುವೆಯ ದಿನ ಗೊತ್ತುಮಾಡುವಾಗ, ಮಾವನಿಗೆ ವರ್ಗವಾದಾಗ, ನಮಗೆ ಹರಳೆಣ್ಣೆ ಕುಡಿಸುವಾಗ. ಅರೆಯುವ ಕಲ್ಲಿನ ಮುಂದೆ ಕೋಳಿಗೆ ಮಾತಿಲ್ಲ, ಒಪ್ಪೋಣ. ಮೊಟ್ಟೆಯ ಪಾಡೇನು? ಅದಕ್ಕೆ ಉಪ್ಪು, ಮೆಣಸು ಸಾಕು, ಅರೆಯುವ ಪ್ರಮೇಯವೇ ಇಲ್ಲ. ಹಾಗಾಗಿ ಗಾದೆ ಆಮ್ಲೆಟ್ಟಿಗೆ ಅನ್ವಯಿಸದು ಎಂದು ನಾನು ತರ್ಕ ಹೂಡಿದರೆ ಅತ್ತೆ, ‘ಮಾತು ಸಾಕು, ಏಳು’ ಎಂದು ತಟ್ಟೆ ಎತ್ತಿಬಿಡುತ್ತಿದ್ದರು. ಅವರ ಪಾಲಿಗೆ ನಾನೂ ಕೋಳಿಯೇ. ಪದಗಳ ಗತಿಯೂ ಅದೇ. ಅವನ್ನು ಕೇಳಿ ಯಾರೂ ಬಾಯಿಗೆ ಹಾಕಿಕೊಳ್ಳುವುದಿಲ್ಲ.

ಅಮೆರಿಕದವರ ಮೇಲೆ ನನಗೆ ಸಿಟ್ಟಿಲ್ಲ. ‘ಖಾರಾ ಬಿಸ್ಕತ್ತು ಕೊಡಪ್ಪಾ’ ಅಂದರೆ ‘ಮಸಾಲಾ ಕುಕೀಸಾ ಸಾರ್?’ ಎನ್ನುವ ಬೇಕರಿ ಹುಡುಗನ ಮೇಲಿದೆ. ‘ತಿಂಡಿ ಆಯ್ತಾ?’ ಎಂಬ ಚೆಂದದ ಮಾತಿರುವಾಗ ‘ಬ್ರೇಕ್‌ಫಾಸ್ಟ್ ಮಾಡಿದ್ರಾ?’ ಎಂದು ಕೇಳುವ ನೆರೆಯವರ ಮೇಲಿದೆ. ನಾನೂ ಸೇಡು ತೀರಿಸಿಕೊಳ್ಳುತ್ತೇನೆ: ‘ಎಗ್‌ಲೆಸ್ ಕೇಕ್’ ಬೋರ್ಡು ಕಂಡಾಗಲೆಲ್ಲ ಎಗ್ಗಿಲ್ಲದ ಕೇಕು ಎಂದೇ ಓದಿಕೊಳ್ಳುತ್ತೇನೆ. ಅದರ ಬೆಲೆ ನೋಡಿದರೆ ಆ ಕನ್ನಡವೇ ಸರಿ.