ಎಡಿಟರುಗಳೂ ಲೇಖಕನ ಅಭ್ಯಾಸವೂ

ಗಣಕಯಂತ್ರದಲ್ಲಿ ಬರೆಹವನ್ನು ಮೂಡಿಸಿ ತಿದ್ದುವ ಸಾಧನಕ್ಕೆ ‘ಎಡಿಟರ್’ ಎಂದು ಹೆಸರು. (‘ಸಂಪಾದಕ’ ಎಂದರೆ ಗ್ರಂಥವನ್ನು ಶೋಧಿಸುವ ಮನುಷ್ಯನೇ ನೆನಪಿಗೆ ಬರುವುದರಿಂದ ಇಲ್ಲಿ ಮೂಲಶಬ್ದವನ್ನೇ ಇಟ್ಟುಕೊಂಡಿದೆ.) ಪ್ರತಿಯೊಬ್ಬನೂ ತನ್ನ ಅಭ್ಯಾಸಕ್ಕೆ ಒಗ್ಗುವ ಎಡಿಟರನ್ನು ಆರಿಸಿಕೊಳ್ಳಬೇಕೆಂಬುದು ಪ್ರಚಲಿತವಾದ ಉಪದೇಶ. ಆದರೆ ಈ ಸಾಧನಗಳಲ್ಲಿ ಅನ್ಯರ ಅಭ್ಯಾಸಗಳು ಮೊದಲೇ ನೆಲೆಗೊಂಡಿರುವುವೆಂಬುದು ಅವುಗಳ ಚರಿತ್ರೆಯಿಂದ ತಿಳಿದುಬರುತ್ತದೆ.

1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ರಚಿಸಿದ ‘ಎಡ್’ ಎಂಬುದರ ಆಜ್ಞೆಗಳು ಬಹುಮಟ್ಟಿಗೆ ಏಕಾಕ್ಷರಗಳು. ಇದು ಸೂತ್ರಕಾರರ ಲಾಘವಪ್ರೀತಿಯಂತೆ ಕಂಡರೂ ಕಾರಣ ಬೇರೆ: ಅಂದಿನ ಟೆಲಿಟೈಪ್ ಯಂತ್ರಕ್ಕೆ ತೆರೆಯಿಲ್ಲ, ಅದು ಕಾಗದದ ಮೇಲೆ ಸೆಕೆಂಡಿಗೆ ಸುಮಾರು 10 ಅಕ್ಷರಗಳನ್ನು ಮಾತ್ರ ಒತ್ತುತ್ತಿತ್ತು. 1976ರಲ್ಲಿ ಬರ್ಕ್ಲಿಯಲ್ಲಿ ಬಿಲ್ ಜಾಯ್ ‘ವಿಐ’ಯನ್ನು ರಚಿಸಿದಾಗ, ಅವನ ಮುಂದಿದ್ದ ಎಡಿಎಂ-3ಎ ಯಂತ್ರದಲ್ಲಿ ಎಚ್, ಜೆ, ಕೆ, ಎಲ್ ಕೀಲಿಗಳ ಮೇಲೆಯೇ ಬಾಣದ ಗುರುತುಗಳಿದ್ದುವು. ಆ ಯಂತ್ರ ಕಾಣೆಯಾಗಿ ಬಹುಕಾಲವಾಯಿತು. ವಿಐ ಬಳಸುವವರ ಬೆರಳು ಇಂದಿಗೂ ಅವೇ ಕೀಲಿಗಳ ಮೇಲೆ ಓಡಾಡುತ್ತಿದೆ.

ವಿಐಗೆ ಬರೆಯುವ ಅವಸ್ಥೆ, ಆಜ್ಞಾಪಿಸುವ ಅವಸ್ಥೆ ಎಂದು ಎರಡುಂಟು. ಪಾಣಿನಿಯ ಅಧಿಕಾರಸೂತ್ರವು ಎಲ್ಲಿಯವರೆಗೆ ಅನುವರ್ತಿಸುತ್ತಿದೆಯೆಂಬುದನ್ನು ನೆನಪಿಟ್ಟವನಿಗೆ ಮಾತ್ರ ಮುಂದಿನ ಸೂತ್ರದ ಅರ್ಥ ಸಿಕ್ಕುವಂತೆ, ಇಲ್ಲಿಯೂ ಯಾವ ಅವಸ್ಥೆ ನಡೆಯುತ್ತಿದೆಯೆಂಬ ಸ್ಮೃತಿ ಸದಾ ಜಾಗೃತವಾಗಿರಬೇಕು. ಮರೆತರೆ ಅನರ್ಥ. ಜೆರಾಕ್ಸ್ ಸಂಸ್ಥೆಯ ಪಾರ್ಕ್ ಸಂಶೋಧನಾಲಯದ ‘ಬ್ರಾವೊ’ ಎಡಿಟರಿನಲ್ಲಿ, ಬರೆಯುವ ಅವಸ್ಥೆಯೆಂದು ಭ್ರಮಿಸಿ ಇಂಗ್ಲಿಷಿನ ‘ಎಡಿಟ್’ ಎಂಬ ಪದವನ್ನು ಒತ್ತಿದರೆ, ಮೊದಲಕ್ಷರವು ಸಮಸ್ತವನ್ನೂ ಆರಿಸಿ, ಎರಡನೆಯದು ಅಳಿಸಿ, ಮೂರನೆಯದು ಹೊಸ ಬರೆಹಕ್ಕೆ ಅಣಿಯಾಗಿ, ಕಡೆಗೆ ‘ಟಿ’ಯೊಂದೇ ಉಳಿಯುತ್ತಿತ್ತಂತೆ! ಅಲ್ಲಿಯೇ ಲ್ಯಾರಿ ಟೆಸ್ಲರ್, ಟಿಮ್ ಮಾಟ್ ಇಬ್ಬರೂ ಅವಸ್ಥಾಭೇದವನ್ನು ತೊಡೆಯಲೆಳಸಿ, ಪಠ್ಯಪುಸ್ತಕಗಳ ಪ್ರಕಾಶಕರಾದ ಗಿನ್ ಸಂಸ್ಥೆಯವರಿಗಾಗಿ 1975ರ ಸುಮಾರಿಗೆ ‘ಜಿಪ್ಸಿ’ಯನ್ನು ರಚಿಸಿದರು. ಕತ್ತರಿಯಿಂದ ಹಾಳೆಯನ್ನು ಕತ್ತರಿಸಿ ಬೇರೆಡೆ ಅಂಟಿಸುವ ಮುದ್ರಣಕಾರ್ಯದ ರೂಢಿಯೇ ಅಲ್ಲಿ ಆಜ್ಞೆಗಳ ರೂಪ ತಾಳಿತು. ಬಳಸುವವರ ಅಭ್ಯಾಸವನ್ನು ಕಂಡು ಸಾಧನವನ್ನು ರಚಿಸಿದ ಈ ನಿದರ್ಶನವು ನಮ್ಮ ಮತದಲ್ಲಿ ಮಿಕ್ಕವುಗಳಿಗಿಂತ ಶ್ಲಾಘ್ಯವಾದುದು.

ಆದರೂ ಆ ಅಭ್ಯಾಸ ರೋಮನ್ ಲಿಪಿಯದು. ಕನ್ನಡದ ಅಕ್ಷರವೇ ಬೇರೆ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡಿನ ಕ್ರಮದಲ್ಲಿ ಅದು ಸಕಾರ, ವಿರಾಮ, ತಕಾರ, ವಿರಾಮ, ರೇಫ, ಈಕಾರಚಿಹ್ನೆ ಎಂಬ 6 ಸಂಕೇತಗಳು. ಹಲವು ಎಡಿಟರುಗಳಲ್ಲಿ ಬ್ಯಾಕ್‌ಸ್ಪೇಸ್ ಕೀಲಿಯು ಈಕಾರವನ್ನು ಮಾತ್ರ ಅಳಿಸುತ್ತದೆ. ಡಿಲೀಟ್ ಕೀಲಿಯಾದರೋ ಅಕ್ಷರವನ್ನು ಇಡಿಯಾಗಿ ನುಂಗುತ್ತದೆ. ಹ್ರಸ್ವದೀರ್ಘಗಳನ್ನು ತಿದ್ದುವುದೇ ನಿತ್ಯಕರ್ಮವಾದ ಗ್ರಂಥಶೋಧಕನಿಗೆ ಮೊದಲನೆಯದೇ ಹಿತ. ಎಡಿಟರನ್ನು ಆರಿಸುವ ಮುನ್ನ ಇದನ್ನು ಪರೀಕ್ಷಿಸಿಕೊಳ್ಳತಕ್ಕದ್ದು.

ವಿಐಯಲ್ಲಿ ತೊಡಕು ಇನ್ನೂ ಹೆಚ್ಚು. ಕೆ. ಪಿ. ರಾವ್ ಅವರ ಕೀಲಿವಿನ್ಯಾಸದಲ್ಲಿ ಬರೆಯುತ್ತಿರುವವನು ಆಜ್ಞಾವಸ್ಥೆಗೆ ಬಂದು ‘ಕೆ’ ಕೀಲಿಯನ್ನು ಒತ್ತಿದರೆ ಯಂತ್ರಕ್ಕೆ ತಲಪುವುದು ‘ಕ’ಕಾರ, ಅದು ಆಜ್ಞೆಯಾಗದು. ಪ್ರತಿಸಲವೂ ಅವಸ್ಥೆಯೊಡನೆ ಲಿಪಿಯನ್ನೂ ಬದಲಿಸಬೇಕು. 1991ರಲ್ಲಿ ಬ್ರಾಮ್ ಮೂಲೆನಾರ್ ಹೊರತಂದ ‘ವಿಮ್’ ಎಂಬ ಪರಿಷ್ಕೃತರೂಪದಲ್ಲಿ, ಅನ್ಯಲಿಪಿಯ ಅಕ್ಷರಗಳನ್ನು ಆಜ್ಞೆಗಳಾಗಿ ಗ್ರಹಿಸುವಂತೆ ಮಾಡುವ ‘ಲ್ಯಾಂಗ್‌ಮ್ಯಾಪ್’ ಎಂಬ ಏರ್ಪಾಡು ಉಂಟು. ಯಾವ ಅಕ್ಷರಕ್ಕೆ ಯಾವ ಆಜ್ಞೆಯೆಂಬ ಪಟ್ಟಿಯನ್ನು ಮಾತ್ರ ಬಳಸುವವನೇ ಬರೆದುಕೊಳ್ಳಬೇಕು.