ದಕಾರಕ್ಕೆ ಘ ಒತ್ತು

ಖಡೇಬಜಾರದ ಹತ್ತಿರ ಒಂದು ಪ್ರೆಸ್ಸಿನಲ್ಲಿ ನಾನು ಮೊಳೆ ಜೋಡಿಸುತ್ತಿದ್ದ ಕಾಲಕ್ಕೆ ನಮ್ಮ ಮುಂದೆ ಮೂರು ಕೇಸು: ಕನ್ನಡ, ಮರಾಠಿ, ಇಂಗ್ಲಿಷ್. ಬೆಳಗಾವಿಯ ಆಮಂತ್ರಣದ ಕಾರ್ಡೆಂದರೆ ಮೂರೂ ಬೇಕು. ‘ಉದ್ಘಾಟನೆ’ ಬಂತೆಂದರೆ ನನಗೆ ಕಿರಿಕಿರಿ. ದಕಾರದ ಕೆಳಗೆ ಕೂರುವ ಆ ಘ ಒತ್ತು ಬೇರೆಲ್ಲಿ ಬೇಕಾಗುತ್ತದೆ ಹೇಳಿ? ಕೇಸಿನಲ್ಲಿ ಇದ್ದದ್ದೇ ನಾಲ್ಕು. ಗಿರಾಕಿಗಳಂತೂ ‘ಉಧ್ಘಾಟನೆ’ ಎಂದೇ ಬರೆದು ತರುತ್ತಿದ್ದರು. ಇಂದಿನ ಫ್ಲೆಕ್ಸಿನಲ್ಲೂ ಆ ಧಕಾರ ಗಟ್ಟಿಯಾಗಿ ಕೂತಿದೆ.

‘ಇನಾಗುರೇಶನ್’ ಬರೀ 12 ಮೊಳೆ. ಐ, ಎನ್, ಎ, ಯು ಎರಡೆರಡು, ಉಳಿದವು ಒಂದೊಂದು. ಒತ್ತಿಲ್ಲ, ಕೊಂಬಿಲ್ಲ.

ಖಾನಾಪುರದ ಮಣ್ಣು ಹಂಚು, ಇಟ್ಟಿಗೆ, ಗಡಿಗೆಗೆ ಹೆಸರಾದದ್ದು. ಅಲ್ಲಿಂದ ಹಂಚಿನ ಕಾರ್ಖಾನೆಯವರೊಬ್ಬರು ಹೊಸ ಭಟ್ಟಿಯ ಕಾರ್ಡಿಗೆ ಬಂದಿದ್ದರು. ಕನ್ನಡ ಮೇಲಿರಲೋ, ಮರಾಠಿ ಮೇಲಿರಲೋ ಎಂದು ಕೇಳಿದೆ.

“ಮ್ಯಾಲ ಇಂಗ್ಲಿಷ್ ಹಾಕ್ರಿ. ಯಾರ ತಕರಾರೂ ಬ್ಯಾಡ.”

1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರಿಗೆ ಸೇರಿದ ಜಿಲ್ಲೆ ನಮ್ಮದು. ಅವರ ಅಂಜಿಕೆ ನನಗೆ ಅರ್ಥವಾಯಿತು. ಆದರೆ ಮರಾಠಿಯಲ್ಲೂ ಅದು ‘ಉದ್ಘಾಟನ’ವೇ! ಮುಚ್ಚಿದ ಬಾಗಿಲು ತೆರೆಯುವ ಒಂದೇ ಸಂಸ್ಕೃತ ಪದ, ಎರಡು ಲಿಪಿಯ ನಡುವೆ ಸಿಕ್ಕು, ಪಂಚಾಯ್ತಿಗೆ ಇಂಗ್ಲಿಷನ್ನು ಕರೆಸಬೇಕಾಯಿತು. ಬಾಯಲ್ಲಿ ಮಾತ್ರ ಎರಡೂ ಕಡೆಯವರಿಗೆ ಅದು ‘ಓಪನಿಂಗ’.

ಕರೆಸಿಕೊಂಡ ಆ ‘ಇನಾಗುರೇಶನ್’ ಪದವೇನು ಸಾಮಾನ್ಯದ್ದಲ್ಲ. ರೋಮಿನಲ್ಲಿ ಆಗುರ್ ಎಂಬ ಪುರೋಹಿತರಿದ್ದರು. ಹಕ್ಕಿ ಯಾವ ದಿಕ್ಕಿಗೆ ಹಾರಿತು, ಹೇಗೆ ಕೂಗಿತು ಎಂದು ನೋಡಿ ಅವರು ಶಕುನ ಹೇಳಬೇಕು, ಆಮೇಲೆ ಕೆಲಸ ಶುರು. ಪದದ ಹೊಟ್ಟೆಯೊಳಗೆ ಅವರೇ ಕೂತಿದ್ದಾರೆ. ಪ್ರೆಸ್ಸಿನ ಹರಕು ಡಿಕ್ಷನರಿಯಲ್ಲಿ ಇದನ್ನು ಓದಿ ನಕ್ಕೆ. ನಸುಕಿಗೆ ಗಲ್ಲಿಗೆ ಬಂದು ‘ಹಾಲಕ್ಕಿ ನುಡಿತೈತಿ’ ಎನ್ನುವ ಬುಡಬುಡಿಕೆಯವನನ್ನು ‘ಮುಂದ ಹೋಗಪ್ಪಾ’ ಎಂದು ಕಳಿಸುವ ನಾವು, ಅವನ ಕಸುಬನ್ನೇ ಕಾರ್ಡಿನ ತಲೆಯ ಮೇಲೆ ಚಿನ್ನದ ಶಾಯಿಯಲ್ಲಿ ಅಚ್ಚು ಹಾಕುತ್ತಿದ್ದೆವು!

ಭಟ್ಟಿಯ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ. ರಿಬ್ಬನ್ ಕತ್ತರಿಸಿದ್ದು 11 ಗಂಟೆಗೆ. ಕೆಲಸದ ಮುದುಕಿಯೊಬ್ಬಳು ಬೆಳ್ಳಂಬೆಳಗ್ಗೆಯೇ ಕಾಯಿ ಒಡೆದು ಬೆಂಕಿ ಹಾಕಿಯಾಗಿತ್ತು; ಅತಿಥಿಗಳ ಹಿಂದೆ ಹೊಗೆ ಏಳುತ್ತಿತ್ತು.

2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಬೆಳಗಾವಿಯ ಸುವರ್ಣ ವಿಧಾನಸೌಧ ಉದ್ಘಾಟಿಸುವ ಹೊತ್ತಿಗೆ ನಮ್ಮ ಮೊಳೆಗಳೆಲ್ಲ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಗಿದ್ದವು. ಘ ಒತ್ತುಗಳಲ್ಲಿ ಮೂರು ನನ್ನ ಹತ್ತಿರ ಬೆಂಕಿಪೊಟ್ಟಣದಲ್ಲಿವೆ.